ಅಪ್ಪ ಗುಂಡುಕಲ್ಲಿನ ಹಾಗೆ ಇರುವಾಗ

ನನ್ನ ಹೆಸರು ಭೀಮೇಶ್. ತೂಕ ನಲವತ್ತಾರು ಕೆ.ಜಿ. ತಾತನ ಹೆಸರು ಇಟ್ಟವರು ತಾತನ ಮೈಕಟ್ಟು ಕೊಡುವುದನ್ನು ಮರೆತರು. ಶಿವಮೊಗ್ಗದ ಕಾಲೇಜಿನಲ್ಲಿ ಫಸ್ಟ್ ಪಿಯುಸಿಗೆ ಸೇರಿದ ಮೊದಲ ದಿನ, ಹಾಜರಿ ಕರೆಯುವಾಗ ನಾನು ಎದ್ದು ನಿಂತದ್ದೇ ತಡ, ಇಡೀ ಕ್ಲಾಸು ಹಿಂದಕ್ಕೆ ತಿರುಗಿ ನೋಡಿ ನಕ್ಕಿತು. ಅವತ್ತೇ ತೀರ್ಮಾನ ಮಾಡಿದೆ, ಇವರಲ್ಲಿ ಒಬ್ಬರ ಸಹವಾಸವೂ ನನಗೆ ಬೇಡ. ಬೇಡ ಎಂದರೆ ಬೇಡ. ಆಮೇಲೆ ನಾಲ್ಕು ತಿಂಗಳು ಅವರೂ ನನ್ನ ಸಹವಾಸಕ್ಕೆ ಬರಲಿಲ್ಲ. ನಾನೇ ಬೇಡ ಎಂದ ಮೇಲೆ ಅವರು ಬರದಿದ್ದಕ್ಕೆ ನನಗೆ ಯಾಕೆ ಸಿಟ್ಟು ಬರಬೇಕು? ಅದು ನನಗೇ ಅರ್ಥವಾಗುತ್ತಿರಲಿಲ್ಲ.

ದಿನಾ ಬೆಳಗ್ಗೆ ಭದ್ರಾವತಿಯಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಕ್ಲಾಸಿನಲ್ಲಿ ನನ್ನನ್ನು ‘ಭದ್ರಾವತಿ’ ಎಂದು ಕರೆಯುತ್ತಿದ್ದರು, ಅದೂ ಬೆಂಚು ಸರಿಸಬೇಕಾದಾಗ ಮಾತ್ರ. ಮಧ್ಯಾಹ್ನ ಲೈಬ್ರರಿ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆಯುತ್ತಿದ್ದೆ. ಯಾರಾದರೂ ಆ ಕಡೆ ಬಂದರೆ ಫೋನು ಕಿವಿಗೆ ಹಿಡಿದು, “ಹೂಂ ಕಣೋ, ಸಂಜೆ ಸಿಗ್ತೀನಿ, ಎಲ್ರಿಗೂ ಹೇಳು” ಎಂದು ಜೋರಾಗಿ ಮಾತಾಡುತ್ತಿದ್ದೆ. ಆ ಕಡೆ ಯಾರೂ ಇರುತ್ತಿರಲಿಲ್ಲ. ಒಂದು ದಿನ ಹಾಗೆ ಮಾತಾಡುತ್ತಿರುವಾಗಲೇ ಕಿವಿಯಲ್ಲೇ ಫೋನು ಹೊಡೆದುಕೊಂಡಿತು. ಎದುರಿಗೆ ಇಬ್ಬರು ಹುಡುಗಿಯರು. ಮಾನ ಹರಾಜಾಯಿತು. ಫೋನು ಮಾಡಿದ್ದು ಅಪ್ಪ.

“ಊಟ ಆಯ್ತಾ?” ಎಂದ.

ಅಪ್ಪನಿಗೆ ಗೊತ್ತಿದ್ದದ್ದು ಎರಡೇ ಮಾತು. ಒಂದು ‘ಊಟ ಆಯ್ತಾ’, ಇನ್ನೊಂದು ‘ಬರ್ತೀನಿ ಕಣೋ’. ಅವನ ಹೆಸರು ಪರಶುರಾಮ. ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಶಿಫ್ಟು ಯಾವುದೇ ಇರಲಿ, ಸೈಕಲ್ ಹತ್ತುವ ಮುಂಚೆ ಬಾಗಿಲಿಗೆ ಬಂದು “ಬರ್ತೀನಿ ಕಣೋ” ಎನ್ನುತ್ತಿದ್ದ. ನಾನು ಇಯರ್‌ಫೋನ್ ತೆಗೆಯುತ್ತಿರಲಿಲ್ಲ. ಉತ್ತರ ಕೊಡುವಂಥ ಮಾತೇನಲ್ಲವಲ್ಲ ಅದು. ಬರದೆ ಎಲ್ಲಿಗೆ ಹೋಗುತ್ತಾನೆ ಎಂದುಕೊಳ್ಳುತ್ತಿದ್ದೆ. ನಾನು ಆರು ವರ್ಷದವನಿರುವಾಗ ಅಮ್ಮ ಕಾಮಾಲೆಯಿಂದ ಹೋದಳು. ಅವತ್ತಿನಿಂದ ಕ್ವಾರ್ಟರ್ಸಿನ ಆ ಎರಡು ಕೋಣೆಯಲ್ಲಿ ನಾವಿಬ್ಬರೇ. ಮೂರನೆಯವರು ಎಂದರೆ ಪಕ್ಕದ ಮನೆಯ ಶೇಷಮ್ಮ. ಅವರ ಮನೆಮಾತು ತೆಲುಗು, ಆದರೆ ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ.

ದಸರಾ ರಜೆ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ನನಗೆ ಮದ್ರಾಸ್ ಐ ಬಂತು. ಎರಡೂ ಕಣ್ಣು ಕೆಂಡದುಂಡೆ. ಒಂಬತ್ತು ದಿನ ಮನೆಯಲ್ಲೇ ಬಿದ್ದುಕೊಂಡಿದ್ದೆ. ಒಂಬತ್ತು ದಿನದಲ್ಲಿ ಕಾಲೇಜಿನಿಂದ ಒಂದೇ ಒಂದು ಮೆಸೇಜು ಬರಲಿಲ್ಲ. ಒಬ್ಬನಾದರೂ ‘ಯಾಕೋ ಬಂದಿಲ್ಲ’ ಎಂದು ಕೇಳಬಾರದೇ? ಕೇಳಿದ್ದರೆ ಉತ್ತರ ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಎಂಟನೇ ದಿನ ಕನ್ನಡಿ ಮುಂದೆ ನಿಂತು ಯೋಚಿಸಿದೆ. ಎಲ್ಲದಕ್ಕೂ ಕಾರಣ ನನ್ನ ಕೂದಲೇ ಎನ್ನಿಸಿತು. ಎಣ್ಣೆ ಹಚ್ಚಿ ಪಕ್ಕಕ್ಕೆ ಬಾಚಿದ ಗುಮಾಸ್ತರ ಕ್ರಾಪು. ಯೂಟ್ಯೂಬಿನಲ್ಲಿ ಒಂದು ವಿಡಿಯೋ ಹಾಕಿಕೊಂಡು, ಅಪ್ಪನ ಟ್ರಿಮ್ಮರ್ ಹಿಡಿದು, ಕಿವಿಯ ಮೇಲೆ ಸ್ಟೈಲಾಗಿ ತೆಗೆಯಲು ಹೊರಟೆ. ಕಣ್ಣು ಇನ್ನೂ ಮಂಜಾಗಿತ್ತು. ಕೈ ಜಾರಿತು. ಕಿವಿಯಿಂದ ನೆತ್ತಿಯವರೆಗೆ ಒಂದು ರಸ್ತೆಯೇ ಆಯಿತು. ಅದನ್ನು ಸರಿಮಾಡಲು ಹೋಗಿ ಇನ್ನೊಂದು ರಸ್ತೆ, ಅದಕ್ಕೊಂದು ಸರ್ಕಲ್.

ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ ಬಂದವನು ಬಾಗಿಲಲ್ಲೇ ನಿಂತ. “ಏನೋ ಇದು, ಆಡು ಮೇಯ್ದಂಗಿದೆ!” ಎಂದು ನಗತೊಡಗಿದ. ಸುಮ್ಮನೆ ಮುಗುಳ್ನಗೆ ಅಲ್ಲ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಬೇರೆ ದಿನವಾಗಿದ್ದರೆ ಖುಷಿಯಾಗುತ್ತಿತ್ತೇನೋ. ಅವತ್ತು ಮಾತ್ರ ಮೈಯೆಲ್ಲ ಉರಿದುಹೋಯಿತು. ಪ್ರಪಂಚದಲ್ಲಿ ಎಲ್ಲರೂ ನಕ್ಕಾಯಿತು, ಇವನೊಬ್ಬ ಬಾಕಿ ಇದ್ದ ಎಂದುಕೊಂಡೆ.

ಕೊನೆಗೆ ಅವನೇ ನನ್ನನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಬ್ಲೇಡು ಹಾಕಿ ಪೂರ್ತಿ ತಲೆ ಬೋಳಿಸಿದ. ಬೋಳು ತಲೆಯ ಕೆಳಗೆ ನನ್ನ ಎಳೇ ಮೀಸೆ ವಿಚಿತ್ರವಾಗಿ ಕಾಣುತ್ತಿತ್ತು. ಅದನ್ನೂ ತೆಗೆ ಎಂದೆ. ಅವನ ಎಡಗೈ ನನ್ನ ನೆತ್ತಿಯನ್ನು ಹಿಡಿದುಕೊಂಡಿತ್ತು. ಒರಟು ಕೈ, ಬೆಚ್ಚಗಿತ್ತು. ಕೈ ತೆಗೆದರೆ ಸಾಕು ಎಂದೂ ಅನ್ನಿಸುತ್ತಿತ್ತು, ಹಾಗೇ ಇರಲಿ ಎಂದೂ ಅನ್ನಿಸುತ್ತಿತ್ತು.

“ಅವತ್ತು ಹೊಳೆ ದಂಡೆಯಲ್ಲೂ ನೀನು ಅಳ್ಲಿಲ್ಲ. ಸುಮ್ನೆ ಕೂತಿದ್ದೆ,” ಎಂದ ಅಪ್ಪ. ಅಮ್ಮ ಹೋದಾಗ ನನಗೆ ಕೇಶಮುಂಡನ ಮಾಡಿಸಿದ ದಿನದ ಮಾತು. ನನಗೆ ಅವನ ನಗುವಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅಷ್ಟರಲ್ಲಿ ಶೇಷಮ್ಮ ಬೇಲಿಯಾಚೆಯಿಂದ ಇಣುಕಿದರು. “ಅಯ್ಯೋ ಪರಶುರಾಮಾ! ನೀನು ಗುಂಡುಕಲ್ಲಿನಂಗೆ ಇರುವಾಗ ಮಗನ ಮೀಸೆ ಬೋಳಿಸ್ತೀಯಲ್ಲಪ್ಪಾ! ಅಪ್ಪ ಇರೋ ಮಕ್ಳು ಮೀಸೆ ತೆಗೆಸ್ತಾರಾ? ನೋಡಿದೋರು ಏನಂದ್ಕೋತಾರೆ?”

“ಅದನ್ನ ಮೀಸೆ ಅಂದ್ರೆ ಮೀಸೆಗೇ ಬೇಜಾರಾಗುತ್ತೆ ಅಕ್ಕ,” ಎಂದ ಅಪ್ಪ. ಮತ್ತೆ ನಕ್ಕ.

ಸೋಮವಾರ ಕಾಲೇಜಿಗೆ ಹೋದೆ. ಒಂಬತ್ತು ದಿನದ ಗೈರುಹಾಜರಿ, ಬೋಳು ತಲೆ, ಇಲ್ಲದ ಮೀಸೆ, ಇನ್ನೂ ಆರದ ಕೆಂಪು ಕಣ್ಣು. ಎಲ್ಲರೂ ನಗುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ಒಳಗೆ ಕಾಲಿಟ್ಟೆ. ಯಾರೂ ನಗಲಿಲ್ಲ. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ನನ್ನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದವನು ತಟಕ್ಕನೆ ಎದ್ದು ಜಾಗ ಬಿಟ್ಟ. ನನಗೆ ಒಂದೂ ತಿಳಿಯಲಿಲ್ಲ.

ಪ್ರಣವ ಹತ್ತಿರ ಬಂದ. ಅವನು ನಮ್ಮ ಕ್ಲಾಸ್ ಲೀಡರ್, ಆಲ್ಕೊಳದ ಹುಡುಗ. ಅವನ ತಂದೆ ಸಂಸ್ಕೃತದ ಮೇಷ್ಟರು, ಮನೆಯಲ್ಲಿ ಶಾಸ್ತ್ರ ಸಂಪ್ರದಾಯ ಎಲ್ಲ ಜೋರು. ಯಾವುದಕ್ಕೆ ಏನು ಮಾಡಬೇಕು ಎಂಬುದರಲ್ಲಿ ಅವನೊಬ್ಬ ಸಣ್ಣ ಪಂಚಾಂಗ. ನನ್ನ ಭುಜದ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಕೇಳಿದ: “ಭೀಮೇಶ್... ತಂದೆಯವ್ರಾ?”

ನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರೋ ನನ್ನ ಹೆಸರು ಹಿಡಿದು ಕರೆದಿದ್ದರು. ಇಲ್ಲ ಎನ್ನಲು ಬಾಯಿ ತೆರೆದೆ. ಇಲ್ಲ ಮಾರಾಯ, ಟ್ರಿಮ್ಮರ್ ಜಾರಿತು ಎಂದರೆ ಮುಗಿಯಿತು. ಎಲ್ಲರೂ ಹೋ ಎಂದು ನಗುತ್ತಾರೆ, ಭುಜದ ಮೇಲಿನ ಕೈ ಹೋಗುತ್ತದೆ. ಆ ಕೈಯ ಭಾರ ಹಿತವಾಗಿತ್ತು. ತಲೆ ತನ್ನಷ್ಟಕ್ಕೆ ಹೂಂ ಎಂದು ಆಡಿತು. ನಾನು ಆಡಿಸಲಿಲ್ಲ. ಅಥವಾ ನಾನೇ ಆಡಿಸಿದೆನೋ, ಈಗಲೂ ಗೊತ್ತಿಲ್ಲ.

“ಅಮ್ಮ?” ಎಂದು ಪಕ್ಕದಿಂದ ಒಬ್ಬಳು ಕೇಳಿದಳು. ಅಕ್ಷರಾ, ಮೂರನೇ ಬೆಂಚಿನವಳು.

“ಅಮ್ಮ ಮೊದಲೇ ಇಲ್ಲ,” ಎಂದೆ. ಇದು ನಿಜ. ಒಂದು ಸುಳ್ಳಿನ ಪಕ್ಕ ಒಂದು ನಿಜ ಹೋಗಿ ಕೂತಿತು, ಎರಡೂ ಒಂದೇ ಥರ ಕಂಡವು. ಅಕ್ಷರಾಳ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ನನಗೂ ಬಂತು. ಯಾಕೆ ಬಂತೋ ನನಗೇ ತಿಳಿಯದು, ನಾಟಕವಂತೂ ಅಲ್ಲ.

ಬೆಲ್ ಹೊಡೆದಾಗ ಅವಳು “ಬರ್ತೀನಿ ಕಣೋ” ಎಂದು ಎದ್ದಳು. ಪ್ರಣವ ತಕ್ಷಣ ಅವಳನ್ನು ತಡೆದ. “ಹಾಗನ್ನಬಾರ್ದು ಮಾರಾಯ್ತಿ. ಸಾವಾದ ಮನೆಯವ್ರನ್ನ ಮಾತಾಡಿಸಿ ಹೊರಡುವಾಗ ಬರ್ತೀನಿ ಅನ್ನಲ್ಲ. ಬರ್ತೀನಿ ಅಂದ್ರೆ ಇಂಥದ್ದಕ್ಕೇ ಮತ್ತೆ ಬರ್ತೀನಿ ಅಂದಂಗೆ ಆಗುತ್ತೆ. ನಮ್ಮ ತಾತ ಹೋದಾಗ ಬಂದವ್ರೆಲ್ಲ ಹೇಳದೇ ಎದ್ದು ಹೋಗ್ತಿದ್ರು.” ಅಕ್ಷರಾ ನಾಲಿಗೆ ಕಚ್ಚಿಕೊಂಡು ಸುಮ್ಮನೆ ಹೋದಳು.

ಆಮೇಲೆ ನನ್ನ ಬದುಕೇ ಬದಲಾಯಿತು. ಮಧ್ಯಾಹ್ನ ಲೈಬ್ರರಿ ಮೆಟ್ಟಿಲಿಗೆ ಹೋಗಲು ಬಿಡುತ್ತಿರಲಿಲ್ಲ. ಅಕ್ಷರಾಳ ಅಮ್ಮ ನನಗೆಂದೇ ಎರಡು ಅಕ್ಕಿರೊಟ್ಟಿ ಹೆಚ್ಚಿಗೆ ಕಟ್ಟುತ್ತಿದ್ದರು. ಪ್ರಣವ ಒಂಬತ್ತು ದಿನದ ನೋಟ್ಸನ್ನು ತಾನೇ ಬರೆದು ಕೊಟ್ಟ. ಫಿಸಿಕ್ಸ್ ಸರ್, ಅವತ್ತಿನವರೆಗೆ ನನ್ನ ಮುಖವನ್ನೇ ನೋಡದಿದ್ದವರು, “ಧೈರ್ಯವಾಗಿರಪ್ಪ” ಎಂದರು. ಆರು ವರ್ಷದವನಿದ್ದಾಗಲೂ ಹೀಗೇ ಆಗಿತ್ತು. ಬೋಳು ತಲೆ ಹೊತ್ತು ಸ್ಕೂಲಿಗೆ ಹೋದಾಗ ಟೀಚರು ತೊಡೆ ಮೇಲೆ ಕೂರಿಸಿಕೊಂಡಿದ್ದರು, ಮಕ್ಕಳೆಲ್ಲ ಬಿಸ್ಕೆಟ್ ಕೊಟ್ಟಿದ್ದರು. ಕೂದಲು ಬೆಳೆದ ಮೇಲೆ ಬಿಸ್ಕೆಟ್ ನಿಂತುಹೋಗಿತ್ತು. ಈಗ ದಿನಾ ಬೆಳಗ್ಗೆ ತಲೆ ಸವರಿ ನೋಡಿಕೊಳ್ಳುತ್ತಿದ್ದೆ, ಮುಳ್ಳು ಮುಳ್ಳಾಗಿ ಬರುತ್ತಿತ್ತು. ಬೇಗ ಬೆಳೆದರೆ ಎಲ್ಲರೂ ಮರೆಯುತ್ತಾರೆ, ನಾನು ಬಚಾವು. ಬೇಗ ಬೆಳೆದರೆ ಎಲ್ಲರೂ ಮರೆಯುತ್ತಾರೆ, ನಾನು ಮತ್ತೆ ಮೆಟ್ಟಿಲ ಮೇಲೆ. ಬೆಳೆಯಬೇಕೋ ಬೇಡವೋ?

ಪ್ರಣವ ಒಂದು ದಿನ ಕೇಳಿದ, “ತಿಥಿ ಎಲ್ಲ ಆಯ್ತಾ?”

“ಆಯ್ತು. ಕುಂಸಿಲಿ. ನಮ್ಮೂರು ಅದು,” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಕುಂಸಿಯಲ್ಲಿ ಬಡಿಸಿದ ಪಾಯಸ ಕೂಡ ಕಣ್ಣ ಮುಂದೆ ಬಂತು.

ಪ್ರಣವ ಮೊದಲು ಕೇಳಿದಾಗಲೇ ‘ಅಮ್ಮ’ ಎಂದಿದ್ದರೆ ಹತ್ತು ವರ್ಷ ಹಳೆಯದಾದರೂ ನಿಜವಾಗುತ್ತಿತ್ತು ಎಂದು ಆಮೇಲೆ ಹೊಳೆಯಿತು. ಆದರೆ ಅಮ್ಮನನ್ನು ಇಂಥದ್ದಕ್ಕೆ ಎಳೆದು ತರಲು ನನಗೆ ಮನಸ್ಸಾಗುತ್ತಿರಲಿಲ್ಲ. ಅಪ್ಪನನ್ನು ಎಳೆಯಲು ಮನಸ್ಸು ಬಂತಲ್ಲ, ಅದು ಹೇಗೆ? ಅವನು ಅವತ್ತು ನಕ್ಕಿದ್ದಕ್ಕೋ? ಇಷ್ಟಕ್ಕೆಲ್ಲ ಯಾರಾದರೂ ಅಪ್ಪನನ್ನು ಸಾಯಿಸುತ್ತಾರಾ? ಬೇಕಾದಷ್ಟು ಯೋಚಿಸಿದೆ, ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಮನೆಗೆ ಬಂದರೆ ಬೇರೆಯೇ ಫಜೀತಿ. ಬಿಡ್ತು ಅನ್ನು ಎನ್ನುತ್ತಾರಲ್ಲ, ಅಂಥ ಮಾತು ಆಡಿಬಿಟ್ಟಿದ್ದೆ, ಅದು ನಿಜವಾಗಿಬಿಟ್ಟರೆ? ಅಪ್ಪ ಒಂದು ಸಲ ಕೆಮ್ಮಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಶಿಫ್ಟು ಮುಗಿದು ಹತ್ತು ನಿಮಿಷ ತಡವಾದರೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಸೈಕಲ್ ಕಂಡ ಕೂಡಲೇ ಒಳಗೆ ಓಡಿ ಬಂದು ಮೊಬೈಲು ಹಿಡಿದು ಕೂರುತ್ತಿದ್ದೆ. ಊಟಕ್ಕೆ ಕೂತಾಗ ಅವನನ್ನೇ ನೋಡುತ್ತಿದ್ದೆ.

“ಏನೋ ಹಂಗೆ ನೋಡ್ತೀಯ? ಮುಖಕ್ಕೆ ಅನ್ನ ಮೆತ್ಕೊಂಡಿದೆಯಾ?” ಎಂದು ಕೇಳಿದ ಒಂದು ದಿನ.

“ಏನಿಲ್ಲ,” ಎಂದೆ.

ಎಲ್ಲಕ್ಕಿಂತ ಕಷ್ಟ ತಂದಿಟ್ಟವಳು ಅಕ್ಷರಾ. ರೊಟ್ಟಿ ಮುರಿಯುತ್ತಾ ಅವಳು ಹೇಳಿದಳು, “ಒಂದು ತಿಂಗಳಿಂದ ನಮ್ಮಪ್ಪನ ಹತ್ರ ಮಾತು ಬಿಟ್ಟಿದ್ದೆ ಕಣೋ. ಡ್ಯಾನ್ಸ್ ಕ್ಲಾಸ್ ಬಿಡಿಸಿದ್ರು ಅಂತ. ನಿನ್ನ ನೋಡಿ ಕರುಳು ಚುರುಕ್ ಅಂತು. ಅವತ್ತು ಮನೆಗೆ ಹೋಗಿ ನಾನೇ ಮಾತಾಡಿಸ್ದೆ. ಅವರು ಅತ್ತುಬಿಟ್ರು. ನಿನ್ನಿಂದ ಆಗಿದ್ದು ಇದು.”

ನಾನು ರೊಟ್ಟಿ ಕೆಳಗಿಟ್ಟೆ. ಇಲ್ಲದ ಸಾವಿನಿಂದ ಇವಳ ಮನೆಯಲ್ಲಿ ಅಪ್ಪ ಮಗಳು ಒಂದಾದರು. ನಮ್ಮ ಮನೆಯಲ್ಲಿ ಇರುವ ಅಪ್ಪನ ಹತ್ತಿರ ನಾನು ‘ಏನಿಲ್ಲ’ ಬಿಟ್ಟು ಬೇರೆ ಮಾತಾಡಿಲ್ಲ. ಈಗ ನಿಜ ಹೇಳಿದರೆ ಅವಳು ಮತ್ತೆ ಅಪ್ಪನ ಹತ್ತಿರ ಮಾತು ಬಿಡುತ್ತಾಳಾ? ನನ್ನ ಹತ್ತಿರವಂತೂ ಬಿಡುತ್ತಾಳೆ. ಅದು ಖಂಡಿತ. ನನಗೆ ಸಿಕ್ಕ ಇಬ್ಬರೇ ಇಬ್ಬರು ಸ್ನೇಹಿತರು ಇವರು. ಸುಳ್ಳು ಹೋದರೆ ಇವರೂ ಹೋಗುತ್ತಾರೆ. ಹಾಗಾಗಿ ಸುಮ್ಮನಿದ್ದೆ.

ಮೂರು ವಾರ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ. ಅಪ್ಪನಿಗೆ ಸೆಕೆಂಡ್ ಶಿಫ್ಟ್, ಎರಡು ಗಂಟೆಗೆ ಗೇಟಿನಲ್ಲಿರಬೇಕು. ಅಡಿಗೆ ಮುಗಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅನ್ನ ಬಸಿಯುತ್ತಿದ್ದ. ನಾನು ಮಂಚದ ಮೇಲೆ ಉರುಳಿಕೊಂಡಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಪ್ರಣವ ಮತ್ತು ಅಕ್ಷರಾ ನಿಂತಿದ್ದರು. ಅಕ್ಷರಾಳ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

“ತಲೆ ಗುಂಡು ಹೊಡೆಸಿದ ಹುಡುಗನ ಮನೆ ಅಂದ ತಕ್ಷಣ ತೋರಿಸಿದ್ರು,” ಎಂದ ಪ್ರಣವ, ತಗ್ಗಿದ ದನಿಯಲ್ಲಿ.

ನಾನು ಮಂಚದಿಂದ ಏಳಬೇಕು ಎನ್ನುವಷ್ಟರಲ್ಲಿ ಅಪ್ಪ ಅಡಿಗೆಮನೆಯಿಂದ ಹೊರಗೆ ಬಂದ. ಪ್ರಣವ ಅವನಿಗೆ ಕೈಮುಗಿದು, ದೊಡ್ಡವರ ಹಾಗೆ ಹೇಳಿದ: “ನಾವು ಭೀಮೇಶನ ಕ್ಲಾಸ್‌ಮೇಟ್ಸು, ಶಿವಮೊಗ್ಗದಿಂದ ಬಂದ್ವಿ. ಅವನ ತಂದೆಯವ್ರು ತೀರ್ಕೊಂಡಿದ್ದು ಕೇಳಿ ತುಂಬಾ ಬೇಜಾರಾಯ್ತು ಅಂಕಲ್. ಮುಂಚೇನೇ ಬರ್ಬೇಕಿತ್ತು.”

ಅಪ್ಪ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದ. ಒರೆಸುವುದು ನಿಂತಿತು. ನನ್ನನ್ನು ನೋಡಿದ. ನನ್ನ ಮುಳ್ಳು ತಲೆ ನೋಡಿದ. ನಾನು ನೆಲ ನೋಡಿದೆ. ಹೊಡೆಯಲಿ, ಕತ್ತು ಹಿಡಿದು ಹೊರಗೆ ನೂಕಲಿ, ಏನಾದರೂ ಆಗಿ ಇದು ಮುಗಿಯಲಿ ಎಂದುಕೊಂಡೆ.

“ನೀವು ಅವನಿಗೆ...?” ಎಂದು ಪ್ರಣವ ಕೇಳಿದ.

“ಚಿಕ್ಕಪ್ಪ,” ಎಂದ ಅಪ್ಪ. “ಕುಂಸಿಯಿಂದ ಬಂದಿದ್ದೀನಿ. ಒಳಗೆ ಬನ್ನಿ, ಕೂತ್ಕೊಳ್ಳಿ.”

ಕುಂಸಿ ಎನ್ನುವುದನ್ನು ನಾನು ಅವನಿಗೆ ಹೇಳಿರಲಿಲ್ಲ. ಅದು ನಿಜವಾಗಿಯೂ ನಮ್ಮೂರಲ್ಲವೇ, ಅವನ ಬಾಯಿಗೂ ಅದೇ ಬಂತು.

ಇಬ್ಬರೂ ಚಾಪೆಯ ಮೇಲೆ ಕೂತರು. ಗೋಡೆಯ ಮೇಲೆ ಅಮ್ಮನ ಫೋಟೋ ಇತ್ತು, ಪ್ಲಾಸ್ಟಿಕ್ ಹಾರ ಹಾಕಿದ್ದು. ಪ್ರಣವ ಅದರ ಪಕ್ಕದ ಖಾಲಿ ಗೋಡೆ ನೋಡಿದ. “ಅವರ ಫೋಟೋ...”

“ಫ್ರೇಮ್ ಹಾಕ್ಸೋಕೆ ಕೊಟ್ಟಿದ್ದೀವಿ,” ಎಂದ ಅಪ್ಪ. ಎರಡು ಲೋಟ ನೀರು ತಂದ. ಅಕ್ಷರಾ ಕೈ ಚಾಚಿದಳು. ಸಾವಾದ ಮನೆಯಲ್ಲಿ ನೀರೂ ಕುಡಿಯಬಾರದು ಎನ್ನುವ ಹಾಗೆ ಪ್ರಣವ ಕಣ್ಣಲ್ಲೇ ಬೇಡ ಎಂದ. ಅವಳ ಕೈ ಹಿಂದಕ್ಕೆ ಹೋಯಿತು. ಅಪ್ಪ ಅದನ್ನು ನೋಡಿದ, ಲೋಟಗಳನ್ನು ಮೆಲ್ಲಗೆ ನೆಲದ ಮೇಲಿಟ್ಟ.

ಆಮೇಲೆ ಅಕ್ಷರಾ ಕೇಳಿದಳು, “ಅವರು ಹೇಗಿದ್ರು ಅಂಕಲ್? ಇವನು ಏನೂ ಹೇಳೋದೇ ಇಲ್ಲ.”

ಅಪ್ಪ ಗೋಡೆಗೆ ಒರಗಿ ಕೂತ. ಯೋಚಿಸಿದ. ಅವನು ಇಷ್ಟು ಹೊತ್ತು ಯೋಚಿಸಿ ಉತ್ತರ ಕೊಟ್ಟಿದ್ದನ್ನು ನಾನು ಕಂಡೇ ಇರಲಿಲ್ಲ.

“ಹೇಗಿದ್ದ ಅಂದ್ರೆ... ಎಲ್ರ ಥರಾನೇ ಇದ್ದ. ಡ್ಯೂಟಿ, ಮನೆ, ಡ್ಯೂಟಿ. ಮಾತು ಕಮ್ಮಿ. ಇವರಮ್ಮ ಇದ್ದಾಗ ಮನೇಲಿ ಮಾತೆಲ್ಲ ಅವಳದ್ದೇ. ಅವಳು ಹೋದ್ಮೇಲೆ ಇವನ ಹತ್ರ ಏನು ಮಾತಾಡ್ಬೇಕು ಅಂತ ಅವನಿಗೆ ಗೊತ್ತಾಗ್ತಿರ್ಲಿಲ್ಲ. ಊಟ ಆಯ್ತಾ ಅಂತ ಕೇಳ್ತಿದ್ದ. ದಿನಾ ಅದನ್ನೇ ಕೇಳ್ತಿದ್ದ. ಇವನಿಗೆ ಬೋರ್ ಆಗ್ತಿತ್ತು ಅನ್ಸುತ್ತೆ.”

ಅಕ್ಷರಾ ಮೂಗು ಒರೆಸಿಕೊಂಡಳು. “ಇವನ ಮೇಲೆ ತುಂಬಾ ಪ್ರೀತಿ ಇತ್ತಾ?”

“ಇಲ್ದೆ ಏನು? ಇವನನ್ನ ಬಿಟ್ರೆ ಅವನಿಗೆ ಯಾರಿದ್ರು? ಹೇಳೋಕೆ ಬರ್ತಿರ್ಲಿಲ್ಲ ಅಷ್ಟೇ.” ಅಪ್ಪ ತನ್ನ ಅಂಗೈ ನೋಡಿಕೊಂಡ. “ಒಂದ್ಸಲ ಇವನ ಕೂದಲು ನೋಡಿ ನಕ್ಕುಬಿಟ್ಟಿದ್ದ. ಇವನು ಮುಖ ಊದಿಸ್ಕೊಂಡ. ಆಮೇಲೆ, ನಗಬಾರ್ದಿತ್ತು ಅಂತ ತುಂಬಾ ಬೇಜಾರು ಮಾಡ್ಕೊಂಡ. ಇವನಿಗೆ ಹೇಳೋಕಾಗ್ಲಿಲ್ಲ.”

ಅಪ್ಪಾ ನಿಲ್ಲಿಸು ಎಂದು ಕೂಗಬೇಕು ಎನ್ನಿಸಿತು. ಇನ್ನೂ ಸ್ವಲ್ಪ ಹೇಳು ಎಂದೂ ಅನ್ನಿಸುತ್ತಿತ್ತು. ಹತ್ತು ವರ್ಷದಲ್ಲಿ ಅವನು ನನ್ನ ಬಗ್ಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಅದೂ ಸತ್ತವನ ಪರವಾಗಿ.

“ಇವನಿಗೆ ನಿಮ್ಮಂಥ ಸ್ನೇಹಿತರು ಇದ್ದಾರೆ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ,” ಎಂದ ಅಪ್ಪ. “ಗೊತ್ತಿದ್ರೆ ಖುಷಿ ಪಡ್ತಿದ್ದ. ಇವನ ಕೈ ಬಿಡ್ಬೇಡ್ರಪ್ಪ.”

ಪ್ರಣವ ಎದ್ದ, ಅಕ್ಷರಾಳೂ ಎದ್ದಳು. ಅವಳು ಬಾಳೆಹಣ್ಣನ್ನು ಅಮ್ಮನ ಫೋಟೋದ ಕೆಳಗೆ ಇಟ್ಟಳು. ಇಬ್ಬರೂ ಒಂದು ಮಾತೂ ಆಡದೆ, ಹಿಂದೆ ತಿರುಗಿ ನೋಡದೆ ಹೊಸ್ತಿಲು ದಾಟಿದರು. ಹೊರಗೆ ಶೇಷಮ್ಮ ಹಪ್ಪಳ ಒಣಗಿಸುತ್ತಿದ್ದರು. “ಯಾರಪ್ಪ, ಭೀಮನ ಫ್ರೆಂಡ್ಸಾ? ಅಬ್ಬಾ, ಇವನಿಗೂ ಫ್ರೆಂಡ್ಸ್ ಇದ್ದಾರಾ! ಹೋಗಿ ಬನ್ನಿ ನಾಯನಾ,” ಎಂದು ನಕ್ಕರು. ಸಾವಿನ ಮನೆ ಮುಂದೆ ಈ ನಗು ಏನು ಎಂಬಂತೆ ಪ್ರಣವ ಅವರನ್ನು ದುರುಗುಟ್ಟಿ ನೋಡಿದ. ಇಬ್ಬರೂ ಉತ್ತರ ಕೊಡದೆ ನಡೆದುಬಿಟ್ಟರು.

“ಇದೇನ್ ಮಕ್ಳಪ್ಪ ಪರಶುರಾಮ!” ಶೇಷಮ್ಮ ಬಾಗಿಲಿಗೆ ಬಂದು ಹೇಳಿದರು. “ಬರ್ತೀನಿ ಅಂತ ಒಂದು ಮಾತು ಹೇಳ್ಲಿಲ್ಲ. ಹೆಣದ ಮನೆಯಿಂದ ಎದ್ದೋದಂಗೆ ಹೋದ್ರಲ್ಲ!”

“ಚಿಕ್ಕ ಮಕ್ಳು, ಬಿಡಿ ಅಕ್ಕ,” ಎಂದ ಅಪ್ಪ.

ಒಳಗೆ ನಾವಿಬ್ಬರೇ ಉಳಿದೆವು. “ಅಪ್ಪ, ಅದು... ನಾನು...” ಎಂದೆ. ಟ್ರಿಮ್ಮರ್, ಮದ್ರಾಸ್ ಐ, ಭುಜದ ಮೇಲಿನ ಕೈ, ಅಕ್ಕಿರೊಟ್ಟಿ, ಇದನ್ನೆಲ್ಲ ಎಲ್ಲಿಂದ ಶುರು ಮಾಡಲಿ?

“ಹುಡುಗ್ರು ಒಳ್ಳೆಯವ್ರು,” ಎಂದ. “ಅನ್ನ ಆರುತ್ತೆ. ಊಟ ಮಾಡು.”

ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು, ಬಾಗಿಲು ದಡಾರನೆ ಹಾಕಿಕೊಳ್ಳಬಹುದಿತ್ತು. ಅದೆಲ್ಲ ನನಗೆ ಚೆನ್ನಾಗಿ ಬರುತ್ತದೆ. ಅವನು ಖಾಕಿ ಅಂಗಿ ಹಾಕಿಕೊಂಡ, ಡಬ್ಬಿ ಚೀಲಕ್ಕೆ ಹಾಕಿಕೊಂಡ. ಊಟ ಮಾಡಲಿಲ್ಲ. ಚಪ್ಪಲಿ ತೆಗೆದು ಬೂಟು ಹಾಕಿಕೊಂಡ. ನಾನು ತಟ್ಟೆಯ ಮುಂದೆ ಕೂತು ಕಾಯುತ್ತಿದ್ದೆ. ಈಗ ಬಾಗಿಲಿಗೆ ಬರುತ್ತಾನೆ, ‘ಬರ್ತೀನಿ ಕಣೋ’ ಎನ್ನುತ್ತಾನೆ. ಈ ಸಲ ಉತ್ತರ ಕೊಡುತ್ತೇನೆ ಎಂದು ಗಟ್ಟಿಮಾಡಿಕೊಂಡಿದ್ದೆ.

ಸೈಕಲ್ ಸ್ಟ್ಯಾಂಡ್ ತೆಗೆದ ಸದ್ದು ಕೇಳಿತು. ಗೇಟು ಕಿರ್ರೆಂದಿತು. ಬಾಗಿಲಲ್ಲಿ ಯಾರೂ ಬರಲಿಲ್ಲ.

ಅಪ್ಪ ಹೇಳದೇ ಹೋದ.

ಹತ್ತು ವರ್ಷದಲ್ಲಿ ಒಂದು ದಿನವೂ ಅವನು ಹಾಗೆ ಹೋಗಿರಲಿಲ್ಲ. ಜ್ವರ ಇದ್ದಾಗಲೂ, ಜಗಳವಾಡಿದಾಗಲೂ ಹೇಳಿಯೇ ಹೋಗುತ್ತಿದ್ದ. ಮರೆತನೋ? ಬೇಕೆಂದೇ ಹೇಳಲಿಲ್ಲವೋ? ನಾನು ಅವನನ್ನು ಸಾಯಿಸಿದ್ದೆ, ಇದು ಸಾವಿನ ಮನೆ, ಇಲ್ಲಿಂದ ಹೋಗುವವರು ಬರ್ತೀನಿ ಎನ್ನಬಾರದು. ಇದನ್ನೆಲ್ಲ ಯೋಚಿಸುವಷ್ಟರಲ್ಲಿ ನಾನು ರಸ್ತೆಯಲ್ಲಿದ್ದೆ. ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಅನ್ನ ಮೆತ್ತಿಕೊಂಡಿದೆ. ಡಾಂಬರು ಕಾದ ಹಂಚಿನ ಹಾಗೆ ಸುಡುತ್ತಿತ್ತು. ನೀರಿನ ಟ್ಯಾಂಕಿನ ಹತ್ತಿರ ಅವನ ಖಾಕಿ ಬೆನ್ನು ಕಂಡಿತು. ಅದರಾಚೆ ಬಸ್ ಸ್ಟಾಪು. ಅಲ್ಲಿ ಅಕ್ಷರಾ ಮತ್ತು ಪ್ರಣವ ಶಿವಮೊಗ್ಗ ಬಸ್ಸಿಗೆ ಕಾಯುತ್ತಾ ನಿಂತಿದ್ದರು.

ಕೂಗಿದರೆ ಅವರಿಗೆ ಕೇಳುತ್ತದೆ. ಕೂಗದಿದ್ದರೆ ಅಪ್ಪ ತಿರುವು ದಾಟುತ್ತಾನೆ. ಅರ್ಧ ಕ್ಷಣ ನಿಂತೆ. ಸುಳ್ಳೇಕೆ, ನಿಂತೆ.

“ಅಪ್ಪಾ!”

ಬಸ್ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿದರು. ಸೈಕಲ್ ನಿಲ್ಲಲಿಲ್ಲ.

“ಅಪ್ಪಾ! ಪರಶುರಾಮಪ್ಪಾ! ನಿಂತ್ಕೋ!”

ಬ್ರೇಕ್ ಕಿರುಚಿತು. ಅಪ್ಪ ಒಂದು ಕಾಲು ನೆಲಕ್ಕೆ ಊರಿ ಹಿಂದೆ ನೋಡಿದ, ಆಮೇಲೆ ಬಸ್ ಸ್ಟಾಪಿನ ಕಡೆ ನೋಡಿದ. ಬೇಡ ಎನ್ನುವ ಹಾಗೆ ನನಗೆ ಕೈ ಆಡಿಸಿದ. ನಾನು ಓಡಿ ಹೋಗಿ ಹ್ಯಾಂಡಲ್ ಹಿಡಿದುಕೊಂಡೆ. ಅಳು ಒತ್ತರಿಸಿ ಬಂತು. ಹೊಳೆ ದಂಡೆಯಲ್ಲಿ ಅಳದಿದ್ದದ್ದೂ ಸೇರಿ ಬಂತೋ ಏನೋ, ನಿಲ್ಲುತ್ತಲೇ ಇರಲಿಲ್ಲ.

“ಹೇಳದೇ ಹೋಗ್ಬೇಡ. ಬರ್ತೀನಿ ಅಂತ ಹೇಳಿ ಹೋಗು.”

ಅಪ್ಪ ನನ್ನ ಕಾಲು ನೋಡಿದ. “ಚಪ್ಪಲಿ ಹಾಕ್ಕೊಂಡು ಬರೋಕಾಗ್ಲಿಲ್ವೇನೋ ಕತ್ತೆ. ಕಾಲು ಸುಡುತ್ತೆ.” ಅವನ ದನಿಯೂ ಸರಿಯಿರಲಿಲ್ಲ. ನನ್ನ ಮುಳ್ಳು ತಲೆಯ ಮೇಲೆ ಒಂದು ಸಲ ಕೈಯಿಟ್ಟ. “ಬರ್ತೀನಿ ಕಣೋ.”

“ಹೂಂ. ಬಾ,” ಎಂದೆ.

ಅವನು ತಿರುವು ದಾಟುವವರೆಗೆ ನೋಡಿದೆ. ಆಮೇಲೆ ತಿರುಗಿದೆ. ಬಸ್ಸು ಇನ್ನೂ ಬಂದಿರಲಿಲ್ಲ. ಪ್ರಣವನ ಬಾಯಿ ತೆರೆದೇ ಇತ್ತು. ಅಕ್ಷರಾ ಅಪ್ಪ ಹೋದ ದಾರಿಯನ್ನೂ ನನ್ನನ್ನೂ ನೋಡುತ್ತಿದ್ದಳು. ಅವಳ ಮುಖದಲ್ಲಿದ್ದದ್ದು ಸಿಟ್ಟೋ ಬೇರೇನೋ, ಅಷ್ಟು ದೂರದಿಂದ ನನಗೆ ಗೊತ್ತಾಗಲಿಲ್ಲ. ಎಂಜಲು ಕೈಯನ್ನು ಚಡ್ಡಿಗೆ ಒರೆಸಿಕೊಂಡು ಅವರ ಕಡೆ ನಡೆದೆ.